ಅಳಲಿಗೊಂದು ತೋಡು

ಕೊಡಗಿನಲ್ಲಿ ನಡುಮಳೆಗಾಲದ ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ಮನೆಯ ಹಿಂದಿನ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಬಾಯಿ ಬರುತ್ತದೆ. ಬೇಸಿಗೆಯಲ್ಲಿ ಅಲ್ಲೊಂದು ತೋಡಿದೆ ಎನ್ನುವುದೇ ನೆನಪಿರುವುದಿಲ್ಲ. ಏಲಕ್ಕಿ ಗಿಡಗಳ ನಡುವೆ ತರಗೆಲೆ ತುಂಬಿದ ಒಂದು ಗೀರು, ಅಷ್ಟೆ. ಜುಲೈ ನಡುವಿಗೆ ಬಂದರೆ ರಾತ್ರಿಯೆಲ್ಲ ಮಾತಾಡುತ್ತಲೇ ಇರುತ್ತದೆ. ಆ ಸದ್ದು ಕೇಳುತ್ತ ಪ್ರತಿ ಮಳೆಗಾಲವೂ ನಾನು ಒಂದೇ ಕತೆಯನ್ನು ಓದುತ್ತೇನೆ. 2018ರಿಂದ ಇದು ತಪ್ಪಿಲ್ಲ. ಕೆಲವೇ ಪುಟದ ಕತೆ. ಅದರಲ್ಲಿ ಮಳೆ ಇಲ್ಲ, ಹಿಮ ಬೀಳುತ್ತದೆ.

ಅಂತೋನ್ ಚೆಕಾವ್ ಅದನ್ನು ಬರೆದದ್ದು 1886ರ ಜನವರಿಯಲ್ಲಿ, ಪೀಟರ್ಸ್‌ಬರ್ಗಿನ ಒಂದು ದಿನಪತ್ರಿಕೆಗೆ. ಆಗ ಅವನಿಗೆ 26 ವರ್ಷ. ವೈದ್ಯಕೀಯ ಓದಿ ಮುಗಿಸಿ, ರೋಗಿಗಳನ್ನು ನೋಡುತ್ತ, ನಡುವೆ ಸಿಕ್ಕ ಹೊತ್ತಿನಲ್ಲಿ ಪತ್ರಿಕೆಗಳಿಗೆ ಕತೆ ಬರೆಯುತ್ತಿದ್ದ. ರಷ್ಯನ್ನಿನಲ್ಲಿ ಇದರ ಹೆಸರು 'ತೊಸ್ಕಾ'. ಕಾನ್‌ಸ್ಟನ್ಸ್ ಗಾರ್ನೆಟ್ ಇಂಗ್ಲಿಷಿಗೆ ತಂದಾಗ 'ಮಿಸರಿ' ಆಯಿತು. ತೊಸ್ಕಾದಲ್ಲಿ ದುಃಖದ ಜೊತೆ ಕೊರಗೂ ಇದೆ, ಹಂಬಲವೂ ಇದೆ, ಎದೆಯನ್ನು ಒಳಗಿನಿಂದ ಹಿಂಡುವ ಭಾರವೂ ಇದೆ. ಕನ್ನಡದಲ್ಲಿ ಏನೆನ್ನಲಿ ಎಂದು ಬಹಳ ಸಲ ಯೋಚಿಸಿದ್ದೇನೆ. 'ದುಃಖ' ಎಂದರೆ ಶ್ರದ್ಧಾಂಜಲಿಯ ಬ್ಯಾನರಿನ ಮಾತಾಗಿಬಿಟ್ಟಿದೆ. 'ಸಂಕಟ' ಹೊಟ್ಟೆಗೆ ಹತ್ತಿರ. ಕೊನೆಗೆ 'ಅಳಲು' ಎಂದುಕೊಂಡೆ. ಅದು ನೋವಿನ ಹೆಸರೂ ಹೌದು, ನೋಯುವ ಕ್ರಿಯೆಯೂ ಹೌದು. ಮತ್ತೆ ಕನ್ನಡದಲ್ಲಿ ಅಳಲಿನ ಬೆನ್ನಿಗೇ ಬರುವ ಇನ್ನೊಂದು ಪದವಿದೆ, 'ತೋಡಿಕೊಳ್ಳು'. ಅದಕ್ಕೆ ಆಮೇಲೆ ಬರುತ್ತೇನೆ.

ಕತೆ ಇಷ್ಟು. ಇಯೋನಾ ಪೊತಾಪೊವ್ ಎಂಬ ಮುದುಕ ಬಾಡಿಗೆಗೆ ಕುದುರೆಗಾಡಿ ಓಡಿಸುವವನು. ಚಳಿಗಾಲವಾದ್ದರಿಂದ ಚಕ್ರವಿಲ್ಲದ, ಹಿಮದ ಮೇಲೆ ಜಾರುವ ಗಾಡಿ. ಅದೇ ವಾರ ಅವನ ಮಗ ತೀರಿಕೊಂಡಿದ್ದಾನೆ. ಅದನ್ನು ಯಾರಿಗಾದರೂ ಹೇಳಬೇಕು. ಗಾಡಿ ಹತ್ತಿದ ಸೈನ್ಯದ ಅಧಿಕಾರಿಗೆ ಹೇಳಲು ನೋಡುತ್ತಾನೆ. ಅವನು ಏನಾಗಿತ್ತು ಎಂದು ಒಂದು ಮಾತು ಕೇಳಿ, ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ನಂತರ ಗಲಾಟೆ ಮಾಡುತ್ತ ಮೂವರು ಯುವಕರು ಹತ್ತುತ್ತಾರೆ. ಅವರಲ್ಲಿ ಗೂನುಬೆನ್ನಿನವನು 'ಎಲ್ಲರೂ ಸಾಯುವವರೇ' ಎಂದು ತುಟಿ ಒರೆಸಿಕೊಳ್ಳುತ್ತಾನೆ. ಒಂದು ಮನೆಯ ಕಾವಲಿನ ಆಳು, ಇಲ್ಲೇಕೆ ನಿಂತೆ, ಮುಂದೆ ಹೋಗು ಎನ್ನುತ್ತಾನೆ. ಬಿಡಾರಕ್ಕೆ ಮರಳಿದರೆ, ನೀರು ಕುಡಿಯಲು ಎದ್ದ ಎಳೆಯ ಗಾಡಿಯವನೊಬ್ಬ ಮಾತು ಮುಗಿಯುವ ಮೊದಲೇ ಮುಸುಕೆಳೆದು ಮಲಗುತ್ತಾನೆ. ಕೊನೆಗೆ ಮುದುಕ ಲಾಯಕ್ಕೆ ಹೋಗಿ ತನ್ನ ಹೆಣ್ಣುಕುದುರೆಯ ಮುಂದೆ ನಿಂತು ಎಲ್ಲವನ್ನೂ ಹೇಳುತ್ತಾನೆ.

ಇದನ್ನು ನಾನು ಮೊದಲು ಓದಿದ್ದು ಮಡಿಕೇರಿಯಲ್ಲಿ ಡಿಗ್ರಿ ಮಾಡುವಾಗ. ಕಣ್ಣಲ್ಲಿ ನೀರು ಬಂದಿತ್ತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಆಮೇಲೆ ಕನ್ನಡ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಸೀತೆಯ ಮುಖ ಕಮಲದಂತೆ ಅರಳಿತು. ಉಪಮೇಯ ಮುಖ, ಉಪಮಾನ ಕಮಲ, ವಾಚಕಪದ 'ಅಂತೆ', ಸಮಾನಧರ್ಮ ಅರಳುವುದು. ಅಲಂಕಾರ ಹೆಸರಿಸಿ, ಲಕ್ಷಣ ಬರೆದು, ಸಮನ್ವಯಿಸಿ. ಎಷ್ಟೋ ವರ್ಷ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಸಮನ್ವಯ ತುಂಬ ಒಳ್ಳೆಯ ಪದ. ಆದರೆ ನಾವು ಅದನ್ನು ಒಂದು ವಾಕ್ಯದ ಒಳಗೇ ಮುಗಿಸುತ್ತೇವೆ. ಈ ಪುಟದ ಉಪಮೆ ನಾಲ್ಕು ಪುಟದಾಚೆಯ ಇನ್ನೊಂದು ಉಪಮೆಯ ಜೊತೆ ಏನು ಮಾತಾಡುತ್ತಿದೆ ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

2018ರ ಆಗಸ್ಟ್ ನಡುವಿನಲ್ಲಿ ಬರೆ ಜರಿಯಿತು. ಪೇಪರಿನವರು ಭೂಕುಸಿತ ಎಂದು ಬರೆದರು. ನಮ್ಮಲ್ಲಿ ಬರೆ ಎಂದರೆ ಗುಡ್ಡದ ಕಡಿದಾದ ಮಗ್ಗುಲು, ನಮ್ಮ ಬಾಯಲ್ಲಿ ಅದು ಬರೆ ಜರಿದದ್ದೇ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ತುಂಡಾಯಿತು. ಜೂನಿನಿಂದ ಸುರಿದ ಮಳೆಯನ್ನು ಗುಡ್ಡಗಳು ಕುಡಿದು ಕುಡಿದು, ಇನ್ನು ಕುಡಿಯಲಾರದೆ ಒಡೆದವು.

ನನ್ನ ದೊಡ್ಡಮ್ಮನ ಮನೆ, ಅದರ ಕೆಳಗಿನ ಗದ್ದೆ, ಮೇಲಿನ ಕಾಫಿ ಎಲ್ಲ ಒಂದು ಬೆಳಗಿನೊಳಗೆ ಇಲ್ಲವಾದವು. ಹಿಂದಿನ ರಾತ್ರಿ ಊರಿನ ಹುಡುಗರು ಬಂದು ಎಬ್ಬಿಸಿ ಕರೆದುಕೊಂಡು ಹೋಗಿದ್ದರಿಂದ ಅವರು ಉಳಿದರು. ಪರಿಹಾರ ಕೇಂದ್ರಕ್ಕೆ ನಾನು ಹೋದಾಗ ಯಾರೋ ಕೊಟ್ಟ ಸ್ವೆಟರ್ ಹಾಕಿಕೊಂಡು ಜಮಖಾನದ ಮೇಲೆ ಕೂತಿದ್ದರು. ಕೈ ಹಿಡಿದುಕೊಂಡು, ಅಲ್ಲಿಗೆ ಬಂದವರೆಲ್ಲ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ: "ಜೀವ ಉಳೀತಲ್ಲ ದೊಡ್ಡಮ್ಮಾ, ಅದೊಂದು ಸಾಕು. ಈಗ ಅದನ್ನೆಲ್ಲ ನೆನೆಸ್ಕೊಳ್ಬೇಡಿ." ಅವರು ಏನೋ ಹೇಳಲು ಬಾಯಿ ತೆರೆದಿದ್ದರು. ಮುಚ್ಚಿಕೊಂಡರು. ಸಮಾಧಾನ ಹೇಳುತ್ತಿದ್ದೇನೆ ಎಂದೇ ನಾನು ನಂಬಿದ್ದೆ.

ಎರಡು ತಿಂಗಳ ಮೇಲೆ, ತುಲಾ ಸಂಕ್ರಮಣದ ಹೊತ್ತಿಗೆ, ಅವರಿದ್ದ ಬಾಡಿಗೆ ಮನೆಗೆ ಹೋದೆ. ಕಾಫಿ ಮಾಡಿಕೊಟ್ಟು, "ಪ್ಯಾಕೆಟ್ ಹಾಲು" ಎಂದರು, ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ. ಮನೆಯಲ್ಲಿ ಹಾಲಿಗೆ ಎಂದೂ ಬರವಿಲ್ಲದಿದ್ದವರು ಅವರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಯಾರ ಹತ್ರ ಹೇಳ್ಲಿ ಮಗಳೇ, ಹೇಳೋಕೆ ಈಗ ದನಾನೂ ಇಲ್ಲ." ಆಗ ತಿಳಿಯಿತು. ಆ ರಾತ್ರಿ ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು ಕಟ್ಟಿದ ಹಾಗೇ ಉಳಿದವು. ಹಗ್ಗ ಬಿಚ್ಚಲು ಹೊತ್ತಿರಲಿಲ್ಲ. ನಾವೆಲ್ಲ ಉಳಿದ ಜೀವದ ಲೆಕ್ಕ ಹೇಳುತ್ತಿದ್ದೆವು, ಅವರು ಹೋದ ಜೀವದ ಲೆಕ್ಕದಲ್ಲಿದ್ದರು.

ಮನೆಗೆ ಬಂದು ಹಳೆಯ ಪುಸ್ತಕ ಹುಡುಕಿ ತೆಗೆದೆ. ಕತೆಯ ಹಣೆಯ ಮೇಲೆ ಹಳೆಯ ರಷ್ಯನ್ ಭಕ್ತಿಗೀತೆಯೊಂದರ ಸಾಲಿದೆ. ನನ್ನ ಅಳಲನ್ನು ಯಾರಿಗೆ ಹೇಳಲಿ? ಡಿಗ್ರಿಯಲ್ಲಿ ಓದುವಾಗ ಆ ಸಾಲಿನ ಮೇಲೆ ಕಣ್ಣೇ ಹಾಯಿಸಿರಲಿಲ್ಲ.

ಈ ಸಲ ಕತೆಯ ಉಪಮೆಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಎಣಿಸಿದರೆ ಹೆಚ್ಚಿಲ್ಲ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎಂದು ಕರೆದು ಬೆಳೆದ ನಮಗೆ ಚೆಕಾವ್ ಬಡವನ ಹಾಗೆ ಕಾಣಬಹುದು. ಆದರೆ ಇದ್ದಷ್ಟರಲ್ಲಿ ಮುಖ್ಯವಾದವೆಲ್ಲ ನೀರಿನವು. ಇದು ಹೊಳೆದದ್ದು ನಾನು ಜಾಣೆ ಎಂದಲ್ಲ. ಆ ವರ್ಷ ಕೊಡಗಿನಲ್ಲಿ ಯಾರಿಗೂ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮೊದಲು ಹಿಮ. ಮುಸ್ಸಂಜೆ, ಆಗತಾನೆ ಹಚ್ಚಿದ ಬೀದಿದೀಪಗಳ ಸುತ್ತ ದಪ್ಪ ಹಸಿ ಹಿಮ ಸೋಮಾರಿಯಂತೆ ಸುಳಿಯುತ್ತ, ಚಾವಣಿಗಳ ಮೇಲೆ, ಕುದುರೆಗಳ ಬೆನ್ನ ಮೇಲೆ, ಜನರ ಹೆಗಲು ಟೋಪಿಗಳ ಮೇಲೆ ತೆಳ್ಳಗೆ ಕೂರುತ್ತಿದೆ. ಇಯೋನಾ ದೆವ್ವದ ಹಾಗೆ ಬೆಳ್ಳಗಾಗಿದ್ದಾನೆ. ಜೀವವಿರುವ ಮೈ ಎಷ್ಟು ಬಾಗಬಹುದೋ ಅಷ್ಟು ಬಾಗಿ ಕೂತಿದ್ದಾನೆ. ಒಂದು ರಾಶಿ ಹಿಮವೇ ಮೇಲೆ ಬಿದ್ದರೂ ಅದನ್ನು ಕೊಡವಿಕೊಳ್ಳಬೇಕು ಎಂದು ಅವನಿಗೆ ತೋಚಲಾರದು. ದೆವ್ವದ ಉಪಮೆ ಹಳೆಯದು, ಸವೆದದ್ದು, ನಮ್ಮ ಮಂಜಿನಲ್ಲಿ ಎದುರು ಬರುವವರೆಲ್ಲ ಹತ್ತು ಮಾರು ದೂರದಲ್ಲಿ ಹಾಗೆಯೇ ಕಾಣುತ್ತಾರೆ. ಆದರೆ ಚೆಕಾವ್ ಅದನ್ನು ಇಟ್ಟ ಜಾಗ ನೋಡಬೇಕು. ದೆವ್ವ ಎಂದರೆ ಇಲ್ಲದಿದ್ದರೂ ಕಾಣಿಸುವುದು. ಇಯೋನಾ ಇದ್ದೂ ಕಾಣಿಸದವನು. ಮುಂದಿನ ಪುಟಗಳಲ್ಲಿ ನಡೆಯುವುದೆಲ್ಲ ಈ ಒಂದು ಪದದಿಂದ ಹೊರಡುತ್ತದೆ.

ಕುದುರೆಗೂ ಒಂದು ಉಪಮೆ ಸಿಕ್ಕಿದೆ. ಕೋಲಿನಂಥ ನೆಟ್ಟಗಿನ ಕಾಲುಗಳ ಮೇಲೆ ಅಲ್ಲಾಡದೆ ನಿಂತ ಅದು ಕಾಸಿಗೊಂದು ಸಿಗುವ, ಕುದುರೆಯ ಆಕಾರದ ಸಿಹಿರೊಟ್ಟಿಯಂತೆ ಇದೆ. ರಷ್ಯದ ಮಕ್ಕಳು ಕೊಂಡು ತಿನ್ನುವ ಜಿಂಜರ್‌ಬ್ರೆಡ್. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಸಂಕ್ರಾಂತಿಯ ಸಕ್ಕರೆ ಅಚ್ಚು ಎನ್ನುತ್ತೇನೆ, ತಕ್ಷಣ ಹಿಡಿದುಬಿಡುತ್ತಾರೆ. ಆನೆ, ಕುದುರೆ, ಗಿಳಿ. ನಾಲಿಗೆಗೆ ತಾಗಿದರೆ ಕರಗುವಂಥದ್ದು. ಒಂದು ವರ್ಷ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಅದು ಮಕ್ಕಳಿಗೆ ತರೋ ತಿಂಡಿ ಅಲ್ವಾ? ಅವನ ಮಗನಿಗೂ ಯಾವಾಗಲೋ ತಂದಿರ್ತಾನೆ" ಎಂದಳು. ನಾನು ಪಾಠ ನಿಲ್ಲಿಸಿ ಅವಳನ್ನೇ ನೋಡುತ್ತ ನಿಂತೆ. ಮಗನ ಬಾಲ್ಯದ ಬಗ್ಗೆ ಕತೆಯಲ್ಲಿ ಒಂದು ಸಾಲೂ ಇಲ್ಲ. ಹೇಳದೆ ಹೊಳೆಯಿಸುವುದನ್ನು ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿ ಎಂದು ಕರೆದ. ಅದನ್ನು ಅವತ್ತು ನನಗೆ ಹೇಳಿಕೊಟ್ಟವಳು ಅವಳು.

ಇನ್ನು ಆ ದೊಡ್ಡ ವಾಕ್ಯ. ಮೂವರು ಯುವಕರು ಇಳಿದು ಹೋದ ಮೇಲೆ ಇಯೋನಾ ಬೀದಿಯ ಎರಡೂ ಬದಿಯ ಜನರನ್ನು ಕಣ್ಣಲ್ಲಿ ಹುಡುಕುತ್ತಾನೆ. ಇಷ್ಟು ಸಾವಿರದಲ್ಲಿ ಕೇಳುವವನು ಒಬ್ಬನೂ ಸಿಗಲಾರನೇ? ಆಗ ಅಲ್ಲಿಯವರೆಗೆ ಬಿಗಿ ಹಿಡಿದಿದ್ದ ಕತೆಗಾರ ಒಮ್ಮೆ ಕೈ ಸಡಿಲಿಸುತ್ತಾನೆ. ಆ ಅಳಲಿಗೆ ಎಲ್ಲೆಯೇ ಇಲ್ಲ, ಇಯೋನಾನ ಎದೆ ಒಡೆದು ಅದು ಹೊರಗೆ ಹರಿದರೆ ಇಡೀ ಜಗತ್ತೇ ಮುಳುಗಬಹುದು, ಆದರೂ ಅದು ಕಾಣುವುದಿಲ್ಲ. ಹಗಲಲ್ಲಿ ದೀಪ ಹಿಡಿದು ಹುಡುಕಿದರೂ ಸಿಗದಂಥ ಒಂದು ಕ್ಷುಲ್ಲಕ ಚಿಪ್ಪಿನೊಳಗೆ ಹೋಗಿ ಅಡಗಿಕೊಂಡಿದೆ. ಪರೀಕ್ಷೆಯಲ್ಲಾದರೆ ಅತಿಶಯೋಕ್ತಿ ಎಂದು ಬರೆದರೆ ಪೂರ್ತಿ ಅಂಕ. ನಾನೂ ಹಾಗೇ ಬರೆದಿದ್ದೆ. ಆದರೆ ಗುಡ್ಡ ಒಳಗೊಳಗೇ ನೀರು ತುಂಬಿಕೊಂಡು, ಮೇಲೆ ಹಸಿರಾಗಿ, ಸುಮ್ಮನೆ, ಏನೂ ಆಗದ ಹಾಗೆ ನಿಂತಿದ್ದನ್ನು ನೋಡಿದವರಿಗೆ, ಮಾರನೆಯ ಬೆಳಿಗ್ಗೆ ಅದೇ ಗುಡ್ಡ ಇದ್ದ ಜಾಗದಲ್ಲಿ ಕೆಂಪು ಗಾಯ ನೋಡಿದವರಿಗೆ, ಆ ವಾಕ್ಯದಲ್ಲಿ ಅತಿಶಯ ಒಂದು ತೂಕವೂ ಇಲ್ಲ. ಹೊರಗೆ ಕಾಣದಿರುವುದೇ ಅದರ ಭಯ. ಪರಿಹಾರ ಕೇಂದ್ರದ ಜಮಖಾನದ ಮೇಲೆ ದೊಡ್ಡಮ್ಮ ಎಷ್ಟು ಅಚ್ಚುಕಟ್ಟಾಗಿ ಸೆರಗು ಹೊದ್ದು ಕೂತಿದ್ದರು.

ತೋಡಿಕೊಳ್ಳು ಎಂಬ ಪದಕ್ಕೆ ಈಗ ಬರುತ್ತೇನೆ. ತೋಡುವುದು ಎಂದರೆ ಅಗೆಯುವುದು. ಬಾವಿ ತೋಡುತ್ತೇವೆ, ಗುಂಡಿ ತೋಡುತ್ತೇವೆ. ನಮ್ಮ ಕಡೆ ತೋಡು ಎಂದರೆ ನೀರು ಹರಿದು ಹೋಗುವ ಸಣ್ಣ ಹಳ್ಳವೂ ಹೌದು. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮೊದಲು ಮಾಡುವ ಕೆಲಸ ಚರಂಡಿ ಬಿಡಿಸುವುದು, ತೋಡಿನ ಕಸ ತೆಗೆಯುವುದು. ನೀರಿಗೆ ದಾರಿ ಇದ್ದರೆ ಎಷ್ಟು ಸುರಿದರೂ ಹೋಗುತ್ತದೆ. ದಾರಿ ಕಟ್ಟಿಕೊಂಡರೆ ಬರೆಗೆ ಇಳಿಯುತ್ತದೆ. 'ಅಳಲು ತೋಡಿಕೊಂಡಳು' ಎಂದು ದಿನಾ ಹೇಳುವಾಗ ಇದೊಂದು ರೂಪಕ ಎಂದು ಯಾರಿಗೂ ನೆನಪಾಗುವುದಿಲ್ಲ. ಯಾರೋ ಒಬ್ಬಾಕೆ ಎಂದೋ, ಎದೆಯೊಳಗಿನದಕ್ಕೂ ಒಂದು ಕಾಲುವೆ ಅಗೆಯಬೇಕಾಗುತ್ತದೆ, ಅದು ತಾನಾಗಿ ಹೊರಗೆ ಬರುವುದಿಲ್ಲ, ಕೈ ಮಣ್ಣಾಗುವ ಕೆಲಸ ಅದು ಎಂದು ಅರಿತು ಈ ಪದವನ್ನು ಬಳಸಿರಬೇಕು. ಮತ್ತೆ ತೋಡಿಗೆ ಎರಡು ತುದಿ ಬೇಕು. ನೀರು ಹೋಗಿ ಸೇರಲು ಒಂದು ಕೆಳಗಿನ ಜಾಗ ಇರಬೇಕು. ಕೇಳುವವರು ಎಂದರೆ ಅದೇ.

ಇಯೋನಾನಿಗೆ ಆ ಕೆಳಗಿನ ತುದಿಯೇ ಇಲ್ಲ. ಜಗತ್ತು ಮುಳುಗುವ ಆ ವಾಕ್ಯದ ನಂತರ ಸ್ವಲ್ಪದರಲ್ಲೇ ಚೆಕಾವ್ ಇನ್ನೊಂದು ಉಪಮೆ ಇಡುತ್ತಾನೆ, ಬಹಳ ಮೆಲ್ಲಗೆ. ಬಿಡಾರದ ಆ ಎಳೆಯ ಗಾಡಿಯವನು ಬಕೆಟ್ಟಿನ ಕಡೆ ಕೈ ಚಾಚುತ್ತಾನಲ್ಲ, ಅವನಿಗೆ ನೀರು ಹೇಗೆ ಬೇಕಾಗಿತ್ತೋ ಹಾಗೆ ಮುದುಕನಿಗೆ ಮಾತು ಬೇಕಾಗಿತ್ತು ಎನ್ನುತ್ತಾನೆ. ಇಡೀ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಇದು. ಉಪಮಾನವನ್ನು ಹುಡುಕಿಕೊಂಡು ಅವನು ಕಮಲದ ಕೊಳಕ್ಕೂ ಹೋಗಲಿಲ್ಲ, ಚಂದ್ರನ ಬಳಿಗೂ ಹೋಗಲಿಲ್ಲ. ಆ ಕೋಣೆಯಲ್ಲೇ ಇದ್ದ ಬಕೆಟ್ಟನ್ನು ತೋರಿಸಿದ. ಅದಕ್ಕಿಂತ ಹೆಚ್ಚಾಗಿ, ಜಗತ್ತನ್ನೇ ಮುಳುಗಿಸುವಷ್ಟು ನೀರು ಎದೆಯಲ್ಲಿ ತುಂಬಿಕೊಂಡವನೇ ಬಾಯಾರಿದವನೂ ಆಗಿದ್ದಾನೆ. ನೆರೆ ಬಂದ ಊರಿನಲ್ಲಿ ಕುಡಿಯುವ ನೀರಿಗೆ ಲಾರಿ ಕಾಯುವುದನ್ನು ನೋಡಿದವರಿಗೆ ಇದರಲ್ಲಿ ವಿರೋಧ ಕಾಣಿಸದು.

ಮುದುಕನ ಬಾಯಿಂದಲೇ ಬರುವ ಒಂದು ರೂಪಕವೂ ಇದೆ. ಆ ಯುವಕರು ನಿನಗೆ ಹೆಂಡತಿ ಇದ್ದಾಳೆಯೇ ಎಂದು ರೇಗಿಸುತ್ತಾರೆ. ನನಗಿನ್ನು ಹಸಿ ಮಣ್ಣೇ ಹೆಂಡತಿ ಎಂದು ನಗುತ್ತ, ಮಗ ಸತ್ತ, ನಾನು ಬದುಕಿದ್ದೇನೆ, ಸಾವಿಗೆ ಬಾಗಿಲು ತಪ್ಪಿತು ಎನ್ನುತ್ತಾನೆ. ನನ್ನ ಮನೆಗೆ ಬರಬೇಕಾದದ್ದು ಮಗನ ಬಳಿಗೆ ಹೋಯಿತು. ಕತೆಗಾರನ ಯಾವ ಉಪಮೆಗೂ ಕಡಿಮೆಯಿಲ್ಲದ ಮಾತು ಇದು, ಆದರೆ ಕೇಳುವವರು ಅದನ್ನು ಮಾತೆಂದೂ ಗಮನಿಸುವುದಿಲ್ಲ. ಓದು ಬರಹ ಇಲ್ಲದವರು ದುಃಖದಲ್ಲಿ ಇಂಥ ರೂಪಕಗಳಲ್ಲೇ ಮಾತಾಡುತ್ತಾರೆ. ಬರೆ ಜರಿದ ಆ ದಿನಗಳಲ್ಲಿ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಬೇಕಿತ್ತು ಎಂದು ಈಗ ಅನಿಸುತ್ತದೆ, ಆಗ ಅದು ಸರಿಯಾಗುತ್ತಿರಲಿಲ್ಲ.

1892ರಲ್ಲಿ ಚೆಕಾವ್ ಲಿಡಿಯಾ ಅವಿಲೋವಾ ಎಂಬ ಲೇಖಕಿಗೆ ಒಂದು ಪತ್ರ ಬರೆದ. ನೊಂದವರ ಬಗ್ಗೆ ಬರೆದು ಓದುಗರಲ್ಲಿ ಕರುಣೆ ಹುಟ್ಟಿಸಬೇಕಾದರೆ ನೀವು ಇನ್ನಷ್ಟು ತಣ್ಣಗಿರಿ, ಆಗ ಅವರ ದುಃಖಕ್ಕೆ ಒಂದು ಹಿನ್ನೆಲೆ ಸಿಕ್ಕು ಅದು ಎದ್ದು ಕಾಣುತ್ತದೆ ಎಂದು ಅದರ ಸಾರ. ಆರು ವರ್ಷ ಮುಂಚೆಯೇ ಈ ಕತೆಯಲ್ಲಿ ಅದನ್ನು ಮಾಡಿ ತೋರಿಸಿದ್ದ. ಹಿಮವೇ ಆ ಹಿನ್ನೆಲೆ. ಅದು ಯಾರ ಪರವೂ ಇಲ್ಲದೆ ಎಲ್ಲರ ಹೆಗಲ ಮೇಲೂ ಬೀಳುತ್ತದೆ.

ಕುದುರೆಯ ಬಗ್ಗೆ ಮೊದಲ ಪುಟದಲ್ಲೇ ಇನ್ನೊಂದು ಮಾತಿದೆ. ನೇಗಿಲಿನಿಂದ, ಬಳಕೆಯ ಬೂದು ಹೊಲಗಳಿಂದ ಕಿತ್ತು ತಂದು ಈ ದೀಪಗಳ, ಗದ್ದಲದ ಕೆಸರಿಗೆ ಎಸೆದರೆ ಯಾವ ಜೀವವಾದರೂ ಯೋಚನೆಗೆ ಬೀಳದೆ ಇರಲಾರದು. ಕುದುರೆಯ ನೆಪದಲ್ಲಿ ಇದು ಇಯೋನಾನ ಕತೆಯೂ ಹೌದು. ಅವನ ಮಗಳು ಅನೀಸ್ಯಾ ಹಳ್ಳಿಯಲ್ಲೇ ಉಳಿದಿದ್ದಾಳೆ. ಹೆಂಗಸರಾದರೆ ಎರಡು ಮಾತಿಗೇ ಗೊಳೋ ಎನ್ನುತ್ತಾರೆ, ಅವರಿಗೆ ಹೇಳುವುದೇ ಮೇಲು ಎಂದು ಅವನಿಗೆ ಅನಿಸುತ್ತದೆ. ಊರೆಂದರೆ ಅಳಲು ಹರಿಯಲು ಮೊದಲೇ ತೋಡಿಟ್ಟ ದಾರಿಗಳು. ಕೊಡವರ ಊರುಗಳಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಕಣಿವೆಯಲ್ಲಿ ಆ ಸದ್ದು ಕೇಳಿದವರು ಕೆಲಸ ಬಿಟ್ಟು ಹೊರಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಮದುವೆಯ, ಹಬ್ಬದ ಹಾಡುಗಳ ಜೊತೆಗೆ ಸಾವಿನ ಹಾಡುಗಳೂ ಇವೆ. ತೀರಿಹೋದವರ ಬಗ್ಗೆ ಹೇಳಲು ಹಾಡೇ ಇತ್ತು, ಕೇಳಲು ಊರೇ ಇತ್ತು. ನಮ್ಮ ಅರೆಭಾಷೆಯವರ ಮನೆಗಳಲ್ಲೂ ಸಾವಿನ ಮನೆಗೆ ಹೋದವರು ಮೊದಲು ಕೇಳುವುದು ಹೇಗಾಯಿತು ಎಂದು. ಎಷ್ಟನೆಯ ಸಲವಾದರೂ ಮನೆಯವರು ಮೊದಲಿಂದ ಹೇಳುತ್ತಾರೆ. ಚಿಕ್ಕವಳಿದ್ದಾಗ ನನಗೆ ಅದು ಕ್ರೂರ ಎನಿಸುತ್ತಿತ್ತು. ಇಯೋನಾನಿಗೆ ಬೇಕಾಗಿದ್ದುದು ಅದೇ ಪ್ರಶ್ನೆ. ಮಗ ಹೇಗೆ ಕಾಯಿಲೆ ಬಿದ್ದ, ಎಷ್ಟು ನರಳಿದ, ಸಾಯುವ ಮುಂಚೆ ಏನೆಂದ, ಆಸ್ಪತ್ರೆಗೆ ಬಟ್ಟೆ ತರಲು ಹೋದದ್ದು, ಎಲ್ಲವನ್ನೂ ನಿಧಾನವಾಗಿ, ಸರಿಯಾಗಿ ಹೇಳಬೇಕು. ಕೇಳುವವರು ನಿಟ್ಟುಸಿರು ಬಿಡಬೇಕು.

ನಾವು ಮಾತ್ರ 2018ರಲ್ಲಿ ಜನರನ್ನು ಊರಿನಿಂದ ಎಬ್ಬಿಸಿ ತಂದು, ಅಕ್ಕಿ ಬೇಳೆ ಕಂಬಳಿ ಎಲ್ಲ ಕೊಟ್ಟು, ಹೇಗಾಯಿತು ಎಂಬ ಮಾತನ್ನು ಕೇಳದೆ ಬಿಟ್ಟೆವು. ಕೇಳಿದರೆ ನೋವಾದೀತು ಎಂದು.

ಕೊನೆಯ ಪುಟ. ಕುದುರೆ ಹುಲ್ಲು ಮೆಲ್ಲುತ್ತಿದೆ. ಓಟ್ಸಿಗೆ ಆಗುವಷ್ಟು ಸಂಪಾದನೆ ಆಗಲಿಲ್ಲ, ಹುಲ್ಲು ತಿನ್ನೋಣ ಎನ್ನುತ್ತಾನೆ ಮುದುಕ. ಆಮೇಲೆ ಮಗನ ಹೆಸರು ಹೇಳುತ್ತಾನೆ, ಕುಜ್ಮಾ ಇಯೋನಿಚ್. ಅಲ್ಲಿಯವರೆಗೆ ಬರೀ 'ಮಗ'. ತಂದೆಯ ಹೆಸರು ಸೇರಿಸಿ ಹೇಳುವುದು ರಷ್ಯನ್ನರಲ್ಲಿ ಗೌರವದ ರೀತಿ, ನಾವು ಹೋದವರಿಗೆ ಬಹುವಚನ ಕೊಟ್ಟ ಹಾಗೆ. ಜಗತ್ತಿನಲ್ಲಿ ಆ ಹುಡುಗನ ಪೂರ್ತಿ ಹೆಸರನ್ನು ಗೌರವದಿಂದ ಕೇಳಿಸಿಕೊಂಡದ್ದು ಒಂದು ಕುದುರೆ. ಆಮೇಲೆ ಅದಕ್ಕೆ ಅರ್ಥವಾಗಲೆಂದು ಅವನೇ ಒಂದು ಹೋಲಿಕೆ ಕಟ್ಟುತ್ತಾನೆ. ನಿನಗೊಂದು ಮರಿ ಇತ್ತು ಅಂದುಕೋ, ನೀನೇ ಅದನ್ನು ಹೆತ್ತ ತಾಯಿ, ಇದ್ದಕ್ಕಿದ್ದಂತೆ ಆ ಮರಿ ಹೋಗಿಬಿಟ್ಟಿತು ಅಂದುಕೋ, ಸಂಕಟ ಆಗುತ್ತಲ್ಲವೇ? ಮನುಷ್ಯರಿಗೆ ಹೇಳುವಾಗ ಅವನಿಗೆ ಬೇಕಾಗಿರದ ಉಪಮೆ ಇಲ್ಲಿ ಬೇಕಾಯಿತು, ಕೇಳುವವರ ಕಡೆಯಿಂದ ನೋಡಿ ಹೇಳಬೇಕಾದಾಗ.

ಅದಾದ ಮೇಲೆ ಕತೆಯಲ್ಲಿ ಉಪಮೆ ಇಲ್ಲ. ಕುದುರೆ ಮೆಲ್ಲುತ್ತದೆ, ಕೇಳುತ್ತದೆ, ಒಡೆಯನ ಕೈಮೇಲೆ ಉಸಿರು ಬಿಡುತ್ತದೆ. ಕತೆಯ ಮೊದಲ ಸಾಲುಗಳಲ್ಲಿ ಹಿಮವಾಗಿ ಗಟ್ಟಿಯಾಗಿದ್ದ ನೀರು ಕೊನೆಗೆ ಒಂದು ಪ್ರಾಣಿಯ ಬೆಚ್ಚಗಿನ ಉಸಿರಿನ ತೇವವಾಗಿ ಆ ಕೈಮೇಲೆ ಬಂದು ಕೂತಿದೆ. ಅದನ್ನು ಚೆಕಾವ್ ಬಿಡಿಸಿ ಹೇಳುವುದಿಲ್ಲ. ಇಯೋನಾ ಎಲ್ಲವನ್ನೂ ಹೇಳುತ್ತಾನೆ ಎಂದು ಮುಗಿಸಿಬಿಡುತ್ತಾನೆ. ಏನು ಹೇಳಿದ ಎಂಬುದು ನಮಗೆ ಸಿಗುವುದಿಲ್ಲ. ಇಡೀ ಕತೆ ಯಾವ ಮಾತಿಗಾಗಿ ಕಾದಿತ್ತೋ ಆ ಮಾತು ಕುದುರೆಗೆ ಸೇರಿದ್ದು.

ದೊಡ್ಡಮ್ಮ ಈಗ ಪುನರ್ವಸತಿಯ ಬಡಾವಣೆಯ ಮನೆಯಲ್ಲಿದ್ದಾರೆ. ಒಳ್ಳೆಯ ಮನೆ, ಕೊಟ್ಟಿಗೆಗೆ ಜಾಗವಿಲ್ಲ. ಮೊನ್ನೆ ಹೋದಾಗ ಅವರು ಮರಕೆಸುವಿನ ಎಲೆಯ ದಂಟು ಬಿಡಿಸುತ್ತ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಎಲೆ ತೆಗೆದುಕೊಂಡೆ. "ದೊಡ್ಡಮ್ಮಾ, ಅವತ್ತು ರಾತ್ರಿ ಹೇಗಾಯ್ತು?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಹಸುಗಳ ಹೆಸರಿನಿಂದ ಶುರುಮಾಡಿದರು.